ನನಗೆ ಬರೆಯಲು ಬರುವ ಒಂದೇ ಪುಟ

ನನಗೆ ಬರೆಯಲು ಬರುವುದು ಒಂದೇ ಒಂದು ಪುಟ. ಯಾರ ನೋವು, ಮೈಯಲ್ಲಿ ಎಲ್ಲಿ, ಯಾರು ಮುಟ್ಟಿದರು, ಯಾವ ಜಾಗದಲ್ಲಿ, ಎಷ್ಟು ಹೊತ್ತಿಗೆ, ನೋಡಿದವರು ಯಾರು. ಆರು ಗೆರೆ. ಶಾಲೆಗೆ ಹೋಗಿ ಕಲಿತದ್ದಲ್ಲ. ಈಗ ಇದನ್ನು ಬರೆಯುವಾಗಲೂ ಆ ಆರು ಗೆರೆಯ ಅಕ್ಷರಗಳನ್ನೇ ಹಿಂದೆ ಮುಂದೆ ಜೋಡಿಸಿಕೊಳ್ಳುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರಲ್ಲಿ ನೊಂದ ಜಾಗವನ್ನು ಬರಿಗೈಯಲ್ಲಿ ಮುಟ್ಟಿದರೆ ನೋವು ಮುಟ್ಟಿದವರಿಗೆ ಬರುತ್ತದೆ. ಗಾಯ ಬರುವುದಿಲ್ಲ. ಗಾಯ ಅದು ಆದವರ ಮೈಯಲ್ಲೇ ಇರುತ್ತದೆ, ನೋವು ಮಾತ್ರ ದಾಟುತ್ತದೆ. ಒಮ್ಮೆ ದಾಟಿದ್ದು ಮತ್ತೆ ಕೈಯಿಂದ ಕೈಗೆ ಹೋಗುವುದಿಲ್ಲ. ಅದು ವಾಪಸ್ ಹೋಗಬೇಕಾದರೆ ಬರೆಯಬೇಕು. ನಡೆದದ್ದನ್ನು ನಡೆದ ಹಾಗೆ ಬರೆದು, ಕಣ್ಣಾರೆ ಕಂಡ ಇಬ್ಬರು ಗುರುತು ಹಾಕಿದರೆ, ಶಾಯಿ ಒಣಗುವಷ್ಟರಲ್ಲಿ ನೋವು ತನ್ನವರಿಗೆ ಹೋಗಿ ಸೇರುತ್ತದೆ. ಒಂದು ಗೆರೆ ಸುಳ್ಳಾದರೂ ಕದಲುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕ್ಷೌರದವರು, ಬಳೆ ತೊಡಿಸುವವರು, ಎಲ್ಲರ ಕೈಗೂ ಗ್ಲೌಸು. ಮದುವೆಯಲ್ಲಿ ಧಾರೆಗೆ ಮುಂಚೆ ಗಂಡನ್ನೂ ಹೆಣ್ಣನ್ನೂ ನಿಲ್ಲಿಸಿ, 'ಕೈಯಲ್ಲಿ ಎಲ್ಲಾದರೂ ನೋವಿದೆಯೇನಪ್ಪ, ಈಗಲೇ ಹೇಳಿಬಿಡಿ' ಎಂದು ಸೋದರಮಾವ ಕೇಳುತ್ತಾನೆ. ಮಗು ಬಿದ್ದು ಅತ್ತರೆ ತಾಯಿ ಗ್ಲೌಸು ಬಿಚ್ಚಿ ಮೊಣಕಾಲು ಸವರುತ್ತಾಳೆ, ಅದು ಅತ್ತು ಮುಗಿಸಿ ನಿದ್ದೆ ಮಾಡುವವರೆಗೆ ತಾನು ಹಲ್ಲು ಕಚ್ಚಿಕೊಂಡಿರುತ್ತಾಳೆ, ಆಮೇಲೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು, ಕಂಡಿದ್ದ ಅತ್ತೆಯನ್ನೂ ಪಕ್ಕದ ಮನೆಯವಳನ್ನೂ ಗುರುತು ಹಾಕಲು ಕರೆಯುತ್ತಾಳೆ. ಮಕ್ಕಳಿರುವ ಮನೆ ಯಾವುದು ಅಂತ ಗೋಡೆ ನೋಡಿದರೆ ಸಾಕು, ಗೊತ್ತಾಗುತ್ತದೆ. ಆಸ್ಪತ್ರೆಯ ಆಂಬುಲೆನ್ಸ್ ಗಾಡಿಯೊಳಗೆ, ಸ್ಟ್ರೆಚರಿನ ತಲೆಯ ಕಡೆ, ಕೆಂಪು ಬಣ್ಣದಲ್ಲಿ ಬರೆಸಿದ್ದರು: ಮುಟ್ಟುವ ಮುನ್ನ ಕೈ ಮುಚ್ಚು, ಬಿಟ್ಟ ಮೇಲೆ ಬರೆ. ಆ ಗಾಡಿಯಲ್ಲಿ ನಾನು ನಲವತ್ತೊಂದು ವರ್ಷ ಸ್ಟ್ರೆಚರ್ ಹೊತ್ತೆ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ ತರಕಾರಿ ಸಂತೆಯೊಳಗೆ ಒಂದು ಗೂಳಿ, ಪಾತ್ರೆಗೆ ಕಲಾಯಿ ಹಾಕುವ ಪೀರಣ್ಣನನ್ನು ತಿವಿದು ಎತ್ತಿ ಎಸೆಯಿತು. ರಕ್ತ ಒಂದು ತೊಟ್ಟೂ ಬಂದಿರಲಿಲ್ಲ. ಆದರೆ ಬದನೆಕಾಯಿ ರಾಶಿಯ ಮೇಲೆ ಬಿದ್ದುಕೊಂಡು ಅವನು ಕೂಗುತ್ತಿದ್ದದ್ದು ನೋಡಲಾಗಲಿಲ್ಲ. ಆಗ ನನಗೆ ಹತ್ತೊಂಬತ್ತು. ಗ್ಲೌಸು ಬಿಚ್ಚಿ ಎಡ ಪಕ್ಕೆಯ ಮೇಲೆ ಕೈ ಇಟ್ಟೆ. ಅವನು ಎದ್ದು ಕೂತು ಕಣ್ಣೊರೆಸಿಕೊಂಡು, 'ತಾಯೀ, ಇದು ಕೈಯಲ್ಲ, ಅಮೃತ' ಅಂದ. ಜಿಲೇಬಿ ಕೊಂಡು, ಒಂದನ್ನು ನನ್ನ ಬಾಯಿಗೆ ಹಾಕಿ ಮನೆಗೆ ನಡೆದ. ಗಾಡಿಯಲ್ಲಿ ಬರೆಯುತ್ತಿದ್ದ ಜೊತೆಯವನು ಅವತ್ತು ರಜೆ. ನನಗೆ ಬರೆಯಲು ಬರದು. ಬೇರೆ ಯಾರನ್ನಾದರೂ ಕರೆದು ಬರೆಸಬಹುದಿತ್ತು. ಇಷ್ಟು ಖುಷಿಯಾಗಿ ಹೋಗುತ್ತಿರುವವನಿಗೆ ಮತ್ತೆ ಯಾಕೆ ಅದನ್ನು ಕಳಿಸಲಿ, ನಾಳೆ ಬರೆಸಿದರಾಯಿತು ಅಂದುಕೊಂಡೆ. ಅವತ್ತು ರಾತ್ರಿ ಸಾರಿಗೆ ಉಪ್ಪು ಸಾಲದು ಅಂತ ಹೆಂಡತಿಯನ್ನು ಬೈಯುತ್ತಾ ಬೈಯುತ್ತಾ ಪೀರಣ್ಣ ತಟ್ಟೆಯ ಮೇಲೆ ಒರಗಿದನಂತೆ. ಒಳಗೆ ಎಡಗಡೆ ಒಡೆದು ರಕ್ತ ತುಂಬಿತ್ತು. ಅವನಿಗೆ ಅದು ಗೊತ್ತಾಗಬೇಕಿದ್ದ ದಾರಿಯನ್ನೇ ನಾನು ಕಿತ್ತುಕೊಂಡಿದ್ದೆ.

ಅವನ ನೋವು ನನ್ನಲ್ಲೇ ಉಳಿಯಿತು. ವಾಪಸ್ ಕಳಿಸೋಣವೆಂದರೆ ತೆಗೆದುಕೊಳ್ಳಲು ಮೈಯಿಲ್ಲ. ಎಡ ಪಕ್ಕೆಯ ಕೆಳಗೆ ಒಂದು, ಎಡ ಹೆಗಲ ತುದಿಯಲ್ಲಿ ಒಂದು. ಹೊಟ್ಟೆಗೆ ಬಿದ್ದ ಪೆಟ್ಟು ಹೆಗಲಲ್ಲಿ ಯಾಕೆ ನೋಯುತ್ತದೆ ಅಂತ ಡಾಕ್ಟರನ್ನು ಕೇಳಿದೆ. 'ಒಳಗೆ ರಕ್ತ ಒಸರಿದರೆ ಹೆಗಲು ಕೂಗುತ್ತೆ ಕಣಮ್ಮ, ಅದೇ ಗುರುತು' ಅಂದರು. ಮಾರನೇ ದಿನದಿಂದ ನರ್ಸಮ್ಮನ ಮುಂದೆ ಸ್ಲೇಟು ಹಿಡಿದು ಕೂತೆ. 'ಎಷ್ಟು ಕಲಿಯಬೇಕು ನಿಂಗೆ?' ಅಂದರು. 'ಆ ಪುಟ ತುಂಬುವಷ್ಟು' ಅಂದೆ.

ಈಗ ಹೇಳುವುದು ನನ್ನ ಕೊನೆಯ ವರ್ಷದ ಮಾತು. ಊರಿನ ಹೆಂಚಿನ ಕಾರ್ಖಾನೆಯ ಗೇಟಿನ ಮೇಲೆ ಒಂದು ಕಪ್ಪು ಹಲಗೆ ಇತ್ತು. ಅಪಘಾತವಿಲ್ಲದ ದಿನಗಳು ಅಂತ ಬಣ್ಣದಲ್ಲಿ, ಕೆಳಗೆ ಸೀಮೆಸುಣ್ಣದಲ್ಲಿ ಅಂಕಿ. ಅವತ್ತು ಅದರ ಮೇಲೆ ಒಂಬೈನೂರ ತೊಂಬತ್ತೊಂಬತ್ತು. ಮಾರನೇ ದಿನ ಸಾವಿರ. ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಭಟ್ಟರು ಲಾಡು ಕಟ್ಟುತ್ತಿದ್ದರು. ಕೆಲಸದವರಿಗೆಲ್ಲ ತಲೆಗೊಂದು ಕುಕ್ಕರ್ ಅಂತ ಹೇಳಿ, ಪೆಟ್ಟಿಗೆಗಳನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ಆಫೀಸಿನ ಮುಂದೆ ಒಟ್ಟಿದ್ದರು.

ನಮಗೆ ಫೋನ್ ಮಾಡಿದ್ದು ಹೆಂಚಿನ ಅಚ್ಚಿಗೆ ಮಣ್ಣು ಒತ್ತುವ ಸಣ್ಣೀರಮ್ಮ. ನಾನೂ ಮಸ್ತಾನನೂ ಹೋದೆವು. ಮಸ್ತಾನ ಗಾಡಿ ಓಡಿಸುವವನು, ಹದಿನೈದು ವರ್ಷದಿಂದ ನನ್ನ ಜೊತೆ. ಅಕ್ಷರ ದುಂಡಗೆ, ಬಾಯಿ ಮಾತ್ರ ಬಲು ದೊಡ್ಡದು. ಗಾಡಿಯ ಪುಸ್ತಕದಲ್ಲಿ ಆ ಆರು ಗೆರೆ ಬರೆಯುವುದು ಅವನು, ಗಡಿಯಾರ ನೋಡುವುದು ನಾನು, ಹಾಗೆ ಹಂಚಿಕೊಂಡಿದ್ದೆವು. ಹಸಿ ಹೆಂಚು ತುಂಬಿದ ಟ್ರಾಲಿ ಹಳಿಯ ಮೇಲೆ ಹಿಂದಕ್ಕೆ ಜಾರಿ, ಹಾಲಪ್ಪ ಎನ್ನುವವನನ್ನು ಗೋಡೆಗೆ ಅದುಮಿ ನಿಲ್ಲಿಸಿತ್ತು. ಮೂವತ್ತು ಮೂವತ್ತೈದರ ಗಟ್ಟಿ ಆಳು. ಕೂಗಿ ಕೂಗಿ ದನಿ ಹೋಗಿತ್ತು. ಟ್ರಾಲಿ ಎಳೆದು ಅವನನ್ನು ಇಳಿಸಿಕೊಳ್ಳುವಾಗ ಒಡೆದ ಹೆಂಚಿನ ಚೂರಿಗೆ ಮಸ್ತಾನನ ಗ್ಲೌಸು ಅಂಗೈ ಉದ್ದ ಹರಿಯಿತು. ಆ ವರ್ಷ ನಮಗೆ ಬಂದ ಗ್ಲೌಸು ಈರುಳ್ಳಿ ಸಿಪ್ಪೆಯಂಥವು. ಹರಿದದ್ದು ನಾನು ನೋಡಿದೆ. 'ಮಸ್ತಾನ, ಕೈ!' ಅನ್ನುವಷ್ಟರಲ್ಲಿ ಅವನ ಅಂಗೈ ಹಾಲಪ್ಪನ ಎಡ ಪಕ್ಕೆಯ ಮೇಲಿತ್ತು.

ಅಭ್ಯಾಸ ಬಲದಿಂದ ಗೋಡೆ ಗಡಿಯಾರ ನೋಡಿದೆ. ಹತ್ತೂ ನಲವತ್ತು.

ಮಸ್ತಾನ ಮಡಚಿಕೊಂಡು ಕೆಳಗೆ ಬಿದ್ದ. ಹಾಲಪ್ಪ ಎದ್ದು ನಿಂತು ಅಂಗಿ ಕೊಡವಿಕೊಂಡ. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಅಷ್ಟು ಹೊತ್ತಿಗೆ ಮೇನೇಜರ್ ಶ್ರೀಕಂಠಯ್ಯ ಬಂದರು. ಇಸ್ತ್ರಿ ಅಂಗಿ, ಬಿಳಿ ಬಟ್ಟೆಯ ಗ್ಲೌಸು. ಹಾಲಪ್ಪನನ್ನು ಮೇಲಿಂದ ಕೆಳಗೆ ನೋಡಿ, 'ಏನಯ್ಯ, ಏನಾದರೂ ಆಗಿದೆಯಾ?' ಅಂದರು.

'ಏನೂ ಇಲ್ಲ ಸಾರ್. ಹೂವಿನಂಗಿದೀನಿ.'

'ಮತ್ತೆ ಇವರನ್ನ ಯಾರು ಕರೆದಿದ್ದು?'

ಮೇನೇಜರು ನನ್ನ ಕಡೆ ತಿರುಗಿದರು. 'ಅಜ್ಜೀ, ಆಳು ಹೂವಿನ ಹಾಗಿದ್ದಾನಂತೆ. ನೀವು ಹೊರಡಿ. ಲಾಡು ತಗೊಂಡು ಹೋಗಿ.'

'ನಮ್ಮವನು ಬಿದ್ದಿದ್ದಾನಲ್ಲ ಸಾರ್' ಅಂದೆ.

'ಅವನು ನಿಮ್ಮವನು. ನಮ್ಮವನಿಗೆ ಏನೂ ಆಗಿಲ್ಲ.'

ನಾನು ಮಸ್ತಾನನ ಪಕ್ಕ ಮೊಣಕಾಲೂರಿದೆ. 'ಎಲ್ಲಪ್ಪ? ಸರಿಯಾಗಿ ಹೇಳು, ಬರೀಬೇಕು' ಅಂದೆ. ಅವನು ಎಡ ಪಕ್ಕೆ ಅದುಮಿಕೊಂಡಿದ್ದ ಕೈಯನ್ನು ನಿಧಾನಕ್ಕೆ ಎತ್ತಿ ಎಡ ಹೆಗಲ ತುದಿ ತೋರಿಸಿದ. 'ಹೆಗಲಿಗೆ ಏನೂ ತಾಗಿಲ್ಲ ಕಣಕ್ಕ, ಇಲ್ಯಾಕೆ ಹಿಂಗೆ ಕೊರೀತೈತೆ...'

ನನ್ನ ಹೆಗಲೂ ಅಲ್ಲೇ ಕೊರೆಯಿತು. ಆ ನೋವು ನನಗೆ ನಲವತ್ತು ವರ್ಷದ ಪರಿಚಯ.

ಎದ್ದು ಹಾಲಪ್ಪನನ್ನು ನೋಡಿದೆ. ಭಟ್ಟರು ಕೊಟ್ಟ ಲಾಡು ಅವನ ಕೈಯಲ್ಲಿತ್ತು. ಹಣೆಯ ಮೇಲೆ ತಣ್ಣನೆ ಬೆವರು. ತುಟಿ ಬೂದಿ ಬಣ್ಣ. 'ಯಾಕೋ ಬಾಯಿ ಒಣಗ್ತೈತೆ, ನೀರು ಕೊಡ್ರೋ' ಅಂತ ಎರಡನೇ ಸಲ ಕೇಳುತ್ತಿದ್ದ.

'ಹಾಲಪ್ಪ, ಸ್ಟ್ರೆಚರ್ ಮೇಲೆ ಮಲಕೋ. ನೀರು ಕುಡೀಬೇಡ. ಆಸ್ಪತ್ರೆಗೆ ಹೋಗೋಣ' ಅಂದೆ. 'ಒಳಗೆ ಒಡೆದೈತೆ. ಸಂಜೆ ಊಟಕ್ಕೆ ನೀನಿರಲ್ಲ.'

'ನೋಯ್ತಾನೇ ಇಲ್ವಲ್ಲ ದ್ಯಾಮಕ್ಕ!'

'ನೋವು ಮಸ್ತಾನನ ಹತ್ರ ಐತೆ. ಅದಕ್ಕೇ ನೋಯ್ತಿಲ್ಲ.'

'ನೋಡಕ್ಕ' ಅಂತ ಅವನು ನನ್ನ ಕಿವಿಯ ಹತ್ತಿರ ಬಂದ. 'ನನ್ನ ಹೆಂಡ್ತಿಗೆ ಕುಕ್ಕರ್ ಬರ್ತೈತೆ ಅಂತ ಹೇಳಿಬಿಟ್ಟಿದೀನಿ. ಅವಳು ಹಳೇದನ್ನ ತಂಗಿಗೆ ಕೊಟ್ಟೂ ಆಯ್ತು. ನಾಳೆ ಒಂದಿನ ಕಳೀಲಿ. ನಾಡಿದ್ದು ನೀನೆಲ್ಲಿ ಕರೀತೀಯೋ ಅಲ್ಲಿಗೆ ಬರ್ತೀನಿ.'

ನಮ್ಮ ನಿಯಮದಲ್ಲಿ, ನೋವಿಲ್ಲ, ಬರುವುದಿಲ್ಲ ಅಂದವನನ್ನು ಕಟ್ಟಿ ಎಳೆದೊಯ್ಯುವಂತಿಲ್ಲ. ಕರೆದೊಯ್ದರೂ, ನಗುತ್ತಾ ನಡೆದು ಬಂದವನ ಹೊಟ್ಟೆ ಕೊಯ್ಯಲು ಯಾವ ಡಾಕ್ಟರೂ ಒಪ್ಪುವುದಿಲ್ಲ. ಉಳಿದದ್ದು ಒಂದೇ. ಮಸ್ತಾನನ ಚೀಲದಿಂದ ಪುಸ್ತಕ ತೆಗೆದೆ.

ಪುಸ್ತಕ ಕಂಡದ್ದೇ ಶ್ರೀಕಂಠಯ್ಯನವರ ಮುಖ ಬದಲಾಯಿತು. 'ಅಜ್ಜೀ, ಸ್ವಲ್ಪ ಇರಿ. ಬರೆಯೋದೇ ಆದರೆ, ಗೇಟಿನ ಆಚೆ ಸೈಕಲ್‌ನಿಂದ ಬಿದ್ದ ಅಂತ ಬರೆಯಿರಿ. ನಿಮ್ಮವನ ನೋವೂ ಹೋಗುತ್ತೆ, ನಮ್ಮ ಹಲಗೆಯೂ ಉಳಿಯುತ್ತೆ. ಏನಂತೀರಿ?'

'ಸುಳ್ಳು ಬರೆದರೆ ನೋವು ಎದ್ದು ಹೋಗಲ್ಲ ಸಾರ್. ಮಲಗಿದ ಎಮ್ಮೆ ಥರ ಅಲ್ಲೇ ಇರುತ್ತೆ. ಎಳೇ ಮಗೂಗೂ ಗೊತ್ತು.'

'ಹಾಗಾದರೆ ಬರೆಯಲೇಬೇಡಿ. ಮುನ್ನೂರು ಜನರ ಕುಕ್ಕರ್ ಕಿತ್ತುಕೊಂಡ ಪಾಪ ನಿಮಗೆ ಯಾಕೆ?'

ಇದು ಕೆಲಸ ಮಾಡಿತು. ಹಿಂದಿನಿಂದ ಒಬ್ಬ, 'ಬಿಡಮ್ಮ, ಒಂದಿನದ ಮಾತು' ಅಂದ. ಇನ್ನೊಬ್ಬ, 'ಮಸ್ತಾನಣ್ಣ ಗಟ್ಟಿ ಆಳು, ತಡ್ಕೋತಾನೆ' ಅಂದ. ಮಸ್ತಾನ ನೆಲದ ಮೇಲಿಂದಲೇ ಅವನಿಗೆ ಒಂದು ಬೈಗಳ ಬೈದ. ಅದನ್ನು ನಾನು ಬರೆಯುವುದಿಲ್ಲ.

ನಾನು ಜಗಳಗಂಟಿಯಲ್ಲ. ಊರಲ್ಲಿ ಯಾರನ್ನು ಕೇಳಿದರೂ ದ್ಯಾಮಕ್ಕ ಬಾಯಿಲ್ಲದವಳು ಅಂತಲೇ ಹೇಳುತ್ತಾರೆ. ಅವತ್ತೂ ಜಗಳ ಮಾಡಲಿಲ್ಲ. ಒಣಗಿದ ಹೆಂಚಿನ ರಾಶಿಯ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟು ಬರೆಯತೊಡಗಿದೆ. ನನ್ನ ಕೈ ನಿಧಾನ. ಒಂದೊಂದು ಅಕ್ಷರಕ್ಕೂ ಒತ್ತು ಬೀಳಬೇಕು, ಕೊಂಬು ಏಳಬೇಕು. ಹಾಲಪ್ಪ ನನ್ನ ತಲೆಯ ಮೇಲಿಂದ ಬಗ್ಗಿ ನೋಡುತ್ತಾ, 'ಹಾ ಬಂತು... ಲ ಬಂತು... ಪಗೆ ಒತ್ತು ಹಾಕೋದು ಮರೀಬೇಡಕ್ಕ' ಅಂತ ನಗಿಸಿದ. ಎಲ್ಲರೂ ನಕ್ಕರು. ನಗಲಿ ಬಿಡು ಅಂದುಕೊಂಡೆ, ನಗುವವನ ಹೊಟ್ಟೆಯೊಳಗೆ ತೊಟ್ಟಿಕ್ಕುತ್ತಿದೆ, ಅದು ಎಷ್ಟು ಹೊತ್ತು ಕಾಯುತ್ತದೋ ಗೊತ್ತಿಲ್ಲ. ಎಡ ಪಕ್ಕೆ, ಎಡ ಹೆಗಲ ತುದಿ. ಮಸ್ತಾನ, ಹರಿದ ಗ್ಲೌಸು. ಹೆಂಚಿನ ಕಾರ್ಖಾನೆ, ಒಳಗೆ, ಟ್ರಾಲಿ ಹಳಿ. ಹತ್ತೂ ನಲವತ್ತು. ನೋಡಿದವರು ದ್ಯಾಮಕ್ಕ.

'ಇನ್ನೊಬ್ಬರು ಬೇಕು' ಅಂತ ತಲೆಯೆತ್ತಿದೆ. 'ಯಾರು ನೋಡಿದಿರಿ?'

ಮುನ್ನೂರು ಜನ ನೋಡಿದ್ದರು. ಮುನ್ನೂರು ಜನ ನೆಲ ನೋಡಿದರು. ಒಬ್ಬ ಬೀಡಿ ಹುಡುಕಿಕೊಂಡ.

ಆಗ ಜನರನ್ನು ಸರಿಸಿಕೊಂಡು ಸಣ್ಣೀರಮ್ಮ ಬಂದಳು. ಗಂಡನಿಲ್ಲದ ಹೆಂಗಸು, ಮೊಣಕೈಯವರೆಗೂ ಜೇಡಿಮಣ್ಣು. 'ನಾನು ನೋಡಿದೆ. ಫೋನ್ ಮಾಡಿದ್ದೂ ನಾನೇ' ಅಂದಳು. ಮೇನೇಜರು, 'ಸಣ್ಣೀರಮ್ಮ, ನಾಳೆ ಕೆಲಸಕ್ಕೆ ಬರೋದಿದೆ ತಾನೆ?' ಅಂದರು. ಅವಳು ಹೆಬ್ಬೆರಳನ್ನು ಪುಸ್ತಕದ ಮೇಲೆ ಒತ್ತಿದಳು. ಶಾಯಿ ಬೇಕಾಗಲಿಲ್ಲ, ಮಣ್ಣಿನದೇ ಗುರುತು ಬಿತ್ತು.

ಎಲ್ಲರೂ ಹಾಲಪ್ಪನನ್ನು ನೋಡಿದರು. ಶಾಯಿ ಒಣಗಿತು. ಮಣ್ಣೂ ಒಣಗಿತು. ಹಾಲಪ್ಪ ಲಾಡುವಿನ ಇನ್ನೊಂದು ತುಂಡು ಬಾಯಿಗಿಟ್ಟುಕೊಂಡ. ಮಸ್ತಾನ ನೆಲದ ಮೇಲೆ ಹಾಗೇ ಮುಲುಗುತ್ತಿದ್ದ.

'ನೋಡಿದಿರೇನಯ್ಯ!' ಶ್ರೀಕಂಠಯ್ಯ ಚಪ್ಪಾಳೆ ಹೊಡೆದರು. 'ನೋವು ಕದಲಲಿಲ್ಲ. ಮುದುಕಿ ಸುಳ್ಳು ಬರೆದಿದ್ದಾಳೆ. ಕಾರ್ಖಾನೆಯ ಹೆಸರು ಕೆಡಿಸೋದಕ್ಕೆ ಬಂದಿದ್ದಾಳೆ.'

ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಬರೆದೂ ನೋವು ಕದಲದಿದ್ದರೆ ಬರೆದವರು ಸುಳ್ಳರು ಅಂತಲೇ ಲೆಕ್ಕ. ಜನ ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಕಿವಿ ಬಿಸಿಯಾಯಿತು. ಆದರೂ ಏಳಲಿಲ್ಲ. ಬೆರಳಿಟ್ಟು ಒಂದೊಂದೇ ಗೆರೆಯನ್ನು ಜೋರಾಗಿ ಓದಿದೆ. ಹೆಸರು ಹಾಲಪ್ಪ, ಹೌದು. ಎಡ ಪಕ್ಕೆ, ಹೌದು. ಮಸ್ತಾನ, ಹೌದು. ಟ್ರಾಲಿ ಹಳಿ, ಹೌದು. ಹತ್ತೂ ನಲವತ್ತು ಅಂತ ಓದಿದಾಗ ಯಾರೋ ಕೆಮ್ಮಿದರು. ನಾನು ಗೋಡೆ ಗಡಿಯಾರ ನೋಡಿದೆ. ಜನ ನನ್ನನ್ನು ನೋಡಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಣ್ಣೀರಮ್ಮ ಬಗ್ಗಿ ಅಂದಳು, 'ದ್ಯಾಮಕ್ಕ, ಆ ಗಡಿಯಾರ ಇಪ್ಪತ್ತು ನಿಮಿಷ ಹಿಂದೈತೆ.'

'ಏಯ್!' ಅಂದರು ಮೇನೇಜರು.

'ಬೆಳಿಗ್ಗೆ ಗೇಟು ಹಾಕೋದು ಊರಿನ ಹೊತ್ತಿಗೆ. ಒಳಗೆ ಬಂದ ಮೇಲೆ ಇವರ ಹೊತ್ತು. ಸಂಜೆ ಇಪ್ಪತ್ತು ನಿಮಿಷ ನಾವು ಪುಕ್ಕಟೆ ಮಣ್ಣು ಒತ್ತುತೀವಿ.' ಅವಳ ದನಿ ಏರುತ್ತಾ ಹೋಯಿತು. 'ಆರು ವರ್ಷ ಆಯ್ತು. ಇಲ್ಲಿರೋರಿಗೆಲ್ಲ ಗೊತ್ತು. ಗೊತ್ತಿದ್ದೂ ಬಾಯಿಗೆ ಹೆಂಚು ಮುಚ್ಚಿಕೊಂಡಿದೀವಿ. ಏನ್ರೇ, ಸುಳ್ಳಾ? ಹೇಳ್ರೇ!'

ಮಣ್ಣು ಒತ್ತುವ ಹೆಂಗಸರಲ್ಲಿ ಒಬ್ಬಳು, 'ಇಪ್ಪತ್ತೇ. ನಾನು ಬಸ್ಸು ತಪ್ಪಿಸಿಕೊಂಡು ಅಳೆದಿದೀನಿ' ಅಂದಳು. ಎಲ್ಲರೂ ಗೊಳ್ಳೆಂದರು. ಈ ಸಲದ ನಗು ಬೇರೆ ಥರ ಇತ್ತು.

ನಮ್ಮ ಪುಸ್ತಕದಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪೂ ಕಾಣುವ ಹಾಗೆ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಇಬ್ಬರೂ ಮತ್ತೆ ಗುರುತು ಹಾಕಬೇಕು. ನಾನು ಗೆರೆ ಎಳೆಯುವಾಗ ಶ್ರೀಕಂಠಯ್ಯ ಪುಸ್ತಕಕ್ಕೆ ಕೈ ಹಾಕಲು ಬಂದರು. ಹತ್ತಿರ ಬರಲಾಗಲಿಲ್ಲ. ಮಣ್ಣು ಒತ್ತುವ ಹೆಂಗಸರು ನನ್ನ ಸುತ್ತ ಬಂದು ನಿಂತಿದ್ದರು, ಮಣ್ಣಿನ ಕೈಗಳನ್ನು ಮುಂದೆ ಚಾಚಿಕೊಂಡು. ಇಸ್ತ್ರಿ ಅಂಗಿಯವರು ಆ ಕೈಗಳನ್ನು ದಾಟಲಿಲ್ಲ.

ಹನ್ನೊಂದು ಗಂಟೆ ಅಂತ ಬರೆದೆ. ಗುರುತು ಹಾಕಿದೆ. ಸಣ್ಣೀರಮ್ಮ ಹೆಬ್ಬೆರಳು ಒತ್ತಿದಳು.

ಹಾಲಪ್ಪನ ಕೈಯಿಂದ ಲಾಡು ಬಿತ್ತು. ಆಮೇಲೆ ಅವನು ಕೂಗಿದ. ಹೆಂಚಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ನಲವತ್ತೊಂದು ವರ್ಷದಲ್ಲಿ ಸಾವಿರಾರು ಕೂಗು ಕೇಳಿದ್ದೇನೆ, ಯಾವುದಕ್ಕೂ ಸಂತೋಷಪಟ್ಟವಳಲ್ಲ. ಅದೊಂದಕ್ಕೆ ಪಟ್ಟೆ. 'ಎಲ್ಲಪ್ಪ?' ಅಂದೆ. 'ಹೆಗಲು, ಹೆಗಲು... ಕರಕೊಂಡು ಹೋಗೇ, ನಿನ್ನ ಕೈಗೆ ಹುಳ ಬೀಳ!' ಅಂದ.

ಮಸ್ತಾನ ಎದ್ದು ಕೂತ. ಬಾಯಿ ಒರೆಸಿಕೊಂಡು, ಹರಿದ ಗ್ಲೌಸು ಬಿಚ್ಚಿ ಬಿಸಾಕಿ, 'ಎರಡು ಜೊತೆ ಕೊಡಕ್ಕ, ಒಂದರ ಮೇಲೊಂದು ಹಾಕ್ಕೋತೀನಿ' ಅಂದ. ಸ್ಟ್ರೆಚರ್ ಎತ್ತಿದೆವು. ಸ್ವಲ್ಪ ಹೊತ್ತಿನ ಮುಂಚೆ ಬಿಡಮ್ಮ ಅಂದಿದ್ದವನೇ ಬಂದು ಕಾಲಿನ ಕಡೆ ಹಿಡಿದ. ಗೇಟು ದಾಟುವಾಗ ಹಿಂದೆ ತಿರುಗಿ ನೋಡಿದೆ. ಸಣ್ಣೀರಮ್ಮ ಸ್ಟೂಲು ಹತ್ತಿ, ಆ ಮೂರು ಒಂಬತ್ತುಗಳ ಮೇಲೆ ಮಣ್ಣಿನ ಅಂಗೈ ಎಳೆಯುತ್ತಿದ್ದಳು.

ಹಾಲಪ್ಪ ಬದುಕಿದ. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಇಲ್ಲ ಅಂದರು ಡಾಕ್ಟರು. ಕುಕ್ಕರ್ ಪೆಟ್ಟಿಗೆಗಳು ವಾಪಸ್ ಹೋದವು. ಅದಕ್ಕೆ ಮೂರು ಮನೆಯವರು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಸಣ್ಣೀರಮ್ಮನನ್ನು ಗೇಟಿನಲ್ಲಿ ತಡೆದರು, ಮಣ್ಣು ಒತ್ತುವವರು ಒಬ್ಬರೂ ಒಳಗೆ ಹೋಗಲಿಲ್ಲ, ನಾಲ್ಕನೇ ದಿನ ಅವಳನ್ನು ಒಳಗೆ ಬಿಟ್ಟರು. ಐದನೇ ದಿನ ಗಡಿಯಾರ ಊರಿನ ಹೊತ್ತಿಗೆ ಬಂತು.

ನನಗೆ ಬಂದದ್ದು ನೋಟೀಸು. ಆಸ್ಪತ್ರೆಯ ಆಡಳಿತದ ಸಾಹೇಬರು ಕರೆಸಿದರು. ಚಿಕ್ಕ ವಯಸ್ಸಿನವರು, ಮಾತು ಮೆದು. 'ಕಾರ್ಖಾನೆಯವರು ದೂರು ಕೊಟ್ಟಿದ್ದಾರಮ್ಮ. ಬೇಡ ಅಂದವನಿಗೆ ನೋವು ಕಳಿಸಿದಿರಿ, ಸಂಸ್ಥೆಯ ಗೌರವಕ್ಕೆ ಧಕ್ಕೆ ತಂದಿರಿ ಅಂತ. ನಿವೃತ್ತಿಗೆ ಎರಡು ತಿಂಗಳಿದೆ ನಿಮಗೆ. ಆ ಹಾಳೆ ಪುಸ್ತಕದಿಂದ ತೆಗೆಯಲು ಒಪ್ಪಿ, ಒಂದು ಕ್ಷಮಾಪಣೆ ಬರೆದುಕೊಡಿ. ಮುಗಿಸಿಬಿಡೋಣ.'

'ಹಾಳೆ ತೆಗೆದರೆ ಏನಾಗುತ್ತೆ ಸಾರ್?'

'ಏನಾಗುತ್ತೆ? ನೋವಂತೂ ಹೋಗಿಯಾಯಿತಲ್ಲ.'

'ಅವನ ಹೊಟ್ಟೆ ಕೊಯ್ದಿದ್ದು ಯಾಕೆ ಅಂತ ನಾಳೆ ಯಾರಾದರೂ ಕೇಳಿದರೆ? ಟ್ರಾಲಿ ಇನ್ನೊಬ್ಬನ ಮೇಲೆ ಜಾರಿದರೆ, ಇದೇ ಮೊದಲು ಅಂತಾರೆ.'

ಅವರು ಬಿಳಿ ಹಾಳೆಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿ ಕಿಟಕಿಯ ಆಚೆ ನೋಡುತ್ತಾ ಕೂತರು. ಪೀರಣ್ಣ ಹೆಗಲಲ್ಲಿ ಒಂದು ಸಲ ಕೊರೆದ. ಇರಪ್ಪ ಇರು, ಬರೀತೀನಿ ಅಂದೆ ಮನಸ್ಸಿನಲ್ಲೇ.

ಬರೆಯಲು ಬಹಳ ಹೊತ್ತು ಹಿಡಿಯಿತು. ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡರು. ಮುಗಿಸಿ ಅವರ ಕಡೆ ತಿರುಗಿಸಿ ಇಟ್ಟೆ. ಅವರು ಓದಿದರು. ಹಾಲಪ್ಪ. ಎಡ ಪಕ್ಕೆ, ಎಡ ಹೆಗಲ ತುದಿ. ಮಸ್ತಾನ, ಹರಿದ ಗ್ಲೌಸು. ಹೆಂಚಿನ ಕಾರ್ಖಾನೆ, ಒಳಗೆ, ಟ್ರಾಲಿ ಹಳಿ. ಹತ್ತೂ ನಲವತ್ತು, ಅದರ ಮೇಲೆ ಒಂದು ಗೆರೆ, ಪಕ್ಕದಲ್ಲಿ ಹನ್ನೊಂದು. ನೋಡಿದವರು ದ್ಯಾಮಕ್ಕ, ಸಣ್ಣೀರಮ್ಮ.

'ಇದು ಕ್ಷಮಾಪಣೆ ಅಲ್ಲವಲ್ಲಮ್ಮ' ಅಂದರು.

'ಅಲ್ಲ ಸಾರ್' ಅಂದೆ. 'ನನಗೆ ಬರೆಯೋಕೆ ಬರೋದು ಒಂದೇ ಪುಟ. ಅದರಲ್ಲಿ ಕ್ಷಮಾಪಣೆಯ ಗೆರೆ ಇಲ್ಲ.'